ಬೆನ್ನಿಗೆ ಚೀಲ ಕಟ್ಟಿಕೊಂಡು ಓಡಿದ ಪ್ರೊಫೆಸರ್

ಬೆಳಿಗ್ಗೆ ಐದೂವರೆಗೆ ನಮ್ಮ ತಾಲ್ಲೂಕು ಕ್ರೀಡಾಂಗಣಕ್ಕೆ ಬಂದರೆ ಮೂವತ್ತು–ನಲವತ್ತು ಹುಡುಗರು ಸಿಗುತ್ತಾರೆ. ಅರ್ಧ ಜನ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಕನಸಿನವರು, ಉಳಿದವರು ಸೇನೆಯ ಆಸೆ ಇಟ್ಟುಕೊಂಡವರು. ನಾನು ಮೊದಲ ಗುಂಪಿಗೆ ಸೇರಿದವನು. ಡಿಗ್ರಿ ಮುಗಿದು ಎರಡು ವರ್ಷವಾಯಿತು. ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. 400 ಮೀಟರಿನ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು. ಮೊದಲ ಸುತ್ತು ಹಾರಿದ ಹಾಗೆ ಮುಗಿಯುತ್ತದೆ. ಎರಡನೆಯದೂ ಹೇಗೋ ಆಗುತ್ತದೆ. ಮೂರನೇ ಸುತ್ತಿನ ತಿರುವಿಗೆ ಬರುವಷ್ಟರಲ್ಲಿ ತೊಡೆಗೆ ಯಾರೋ ಸಿಮೆಂಟ್ ಮೂಟೆ ಕಟ್ಟಿದಂತಾಗಿ, ಎದೆ ತಿದಿಯ ಹಾಗೆ ಒತ್ತಿಕೊಂಡು, ಹಿಂದೆ ಇದ್ದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋಗುತ್ತಾರೆ.

ಜೊತೆಯಲ್ಲಿ ಓಡುವ ಸೀನಿಯರ್ ಒಬ್ಬರು ಇದಕ್ಕೆಲ್ಲ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ತೀರ್ಪು ಕೊಟ್ಟರು. ಕಾಲಿನಲ್ಲಿ ಆಸಿಡ್ ತುಂಬಿಕೊಂಡಿದೆ, ಅದು ಇಳಿಯುವವರೆಗೆ ಓಡಲು ಆಗುವುದಿಲ್ಲ, ನಾಳೆ ಕಾಲು ನೋಯುವುದೂ ಅದರಿಂದಲೇ ಅಂತ. ಅವರಿಗೆ ಹೇಳಿದವರು ಅವರ ಪಿ.ಟಿ. ಮೇಷ್ಟ್ರು. ಮೇಷ್ಟ್ರಿಗೆ ಇನ್ಯಾರೋ. ಈ ಮಾತು ಮೊದಲು ಎಲ್ಲಿಂದ ಹೊರಟಿತು ಎಂಬ ಕುತೂಹಲದಿಂದ ನಾನು ಲೈಬ್ರರಿಯಲ್ಲಿ ಕೂತು ಹುಡುಕುತ್ತಾ ಹೋದೆ. ಹಾಗೆ ಸಿಕ್ಕವರು ಇಂಗ್ಲೆಂಡಿನ ಆರ್ಚಿಬಾಲ್ಡ್ ವಿವಿಯನ್ ಹಿಲ್. ಗೆಳೆಯರಿಗೆಲ್ಲ ಅವರು ಬರೀ ಎ.ವಿ. ನೊಬೆಲ್ ಬಂದವರು ಎನ್ನುವುದಕ್ಕಿಂತ, ಮೂಗಿಗೆ ಕ್ಲಿಪ್ ಹಾಕಿಕೊಂಡು ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಹುಲ್ಲಿನ ಮೇಲೆ ಸುತ್ತು ಹೊಡೆದವರು ಎನ್ನುವುದೇ ನನಗೆ ಮೊದಲು ಹಿಡಿಸಿತು.

ಹಿಲ್ ಹುಟ್ಟಿದ್ದು 1886ರ ಸೆಪ್ಟೆಂಬರ್ 26ರಂದು, ಬ್ರಿಸ್ಟಲ್ ನಗರದಲ್ಲಿ. ಅಪ್ಪ ಮರದ ವ್ಯಾಪಾರಿ. ಹುಡುಗನಿಗೆ ಮೂರು ವರ್ಷವಾಗಿದ್ದಾಗ ಅವರು ಸಂಸಾರ ಬಿಟ್ಟು ಹೊರಟುಹೋದರು. ಮಕ್ಕಳನ್ನು ಸಾಕಿದ್ದು ತಾಯಿ. ಆರಂಭದ ಪಾಠಗಳನ್ನು ಮನೆಯಲ್ಲೇ ಹೇಳಿಕೊಟ್ಟದ್ದೂ ಅವರೇ. ಮುಂದಿನ ಓದು ಸ್ಕಾಲರ್‌ಶಿಪ್ ಮೇಲೆ ನಡೆಯಿತು. ಮೊದಲು ಟಿವರ್ಟನ್ ಊರಿನ ಬ್ಲಂಡೆಲ್ಸ್ ಶಾಲೆ, ಆಮೇಲೆ 1905ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಶಾಲೆಯಲ್ಲಿದ್ದಾಗಲೇ ಗುಡ್ಡಗಾಡು ಓಟದ ಹುಚ್ಚು ಹತ್ತಿತ್ತು. ಹರೆಯದಲ್ಲಿ ಒಂದು ಮೈಲಿಯನ್ನು ನಾಲ್ಕು ನಿಮಿಷ ನಲವತ್ತೈದು ಸೆಕೆಂಡಿನಲ್ಲಿ ಓಡಿದ್ದರು. ಒಂದು ಮೈಲಿ ಎಂದರೆ 1609 ಮೀಟರ್. ನಮ್ಮ ಪರೀಕ್ಷೆಯ ದೂರಕ್ಕಿಂತ ಒಂಬತ್ತು ಮೀಟರ್ ಹೆಚ್ಚು! ಹಿಲ್ ನಮ್ಮ ಮೈದಾನಕ್ಕೆ ಬಂದಿದ್ದರೆ ಒಂದೂಮುಕ್ಕಾಲು ನಿಮಿಷ ಉಳಿಸಿಕೊಂಡು ಪಾಸಾಗುತ್ತಿದ್ದರು.

ಟ್ರಿನಿಟಿಯಲ್ಲಿ ಅವರು ಓದಿದ್ದು ಗಣಿತ. ಕೋರ್ಸನ್ನು ಎರಡೇ ವರ್ಷದಲ್ಲಿ ಮುಗಿಸಿ 1907ರಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೂರನೆಯವರಾಗಿ ಬಂದರು. ಆ ಕಾಲದ ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಮೂರನೇ ಸ್ಥಾನ ಎಂದರೆ ಮುಂದಿನ ದಾರಿ ನಿಶ್ಚಿಂತೆ. ಆದರೆ ಹಿಲ್‌ಗೆ ಗಣಿತ ಸಾಕೆನಿಸಿತ್ತು. ಇದೇನಿದು, ರ‍್ಯಾಂಕ್ ಬಂದ ಮೇಲೆ ವಿಷಯವನ್ನೇ ಬಿಡುವುದೇ ಎಂದು ನಮ್ಮ ಮನೆಗಳಲ್ಲಾದರೆ ರಾದ್ಧಾಂತವಾಗುತ್ತಿತ್ತು. ಅಲ್ಲಿ ಅವರ ಮಾರ್ಗದರ್ಶಕರಾಗಿದ್ದ ವಾಲ್ಟರ್ ಫ್ಲೆಚರ್ ಶರೀರಶಾಸ್ತ್ರಕ್ಕೆ ಬಾ ಎಂದು ಕರೆದರು. ಹುಡುಗ ಹೋದ. 1909ರಲ್ಲಿ ಅದರಲ್ಲೂ ಮೊದಲ ದರ್ಜೆ.

ಈ ಫ್ಲೆಚರ್ ಸಾಮಾನ್ಯರಲ್ಲ. ಫ್ರೆಡರಿಕ್ ಹಾಪ್ಕಿನ್ಸ್ ಜೊತೆ ಸೇರಿ 1907ರಲ್ಲಿ ಅವರು ಕಪ್ಪೆಯ ಸ್ನಾಯುವಿನ ಮೇಲೆ ಒಂದು ಅಧ್ಯಯನ ಪ್ರಕಟಿಸಿದ್ದರು. ಆಮ್ಲಜನಕ ಇಲ್ಲದೆ ದುಡಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಸಿಡ್ ಕೂಡಿಕೊಳ್ಳುತ್ತದೆ, ಆಮ್ಲಜನಕ ಕೊಟ್ಟರೆ ಅದು ಕರಗುತ್ತದೆ ಎಂದು ಅದರಲ್ಲಿ ತೋರಿಸಿದ್ದರು. ನಮ್ಮ ಸೀನಿಯರ್ ಹೇಳಿದ ಮಾತಿನ ಬೇರು ಇಲ್ಲಿದೆ. ವಿಭಾಗದ ಮುಖ್ಯಸ್ಥ ಲ್ಯಾಂಗ್ಲೆ ಅವರು ಹಿಲ್‌ಗೆ ಒಂದು ಪತ್ರ ಬರೆದು, ಸ್ನಾಯುವನ್ನು ಒಂದು ಎಂಜಿನ್ ಎಂದುಕೊಂಡು ಅದರ ಶಾಖವನ್ನು ಅಳೆಯುವ ಕೆಲಸಕ್ಕೆ ಕೈಹಾಕು ಎಂದು ಸೂಚಿಸಿದರು. ಗಣಿತ ಬಲ್ಲವನಿಗೆ ಹೇಳಿ ಮಾಡಿಸಿದ ಕೆಲಸ.

ಕೇಂಬ್ರಿಜ್‌ನ ನೆಲಮಾಳಿಗೆಯ ಕೋಣೆಯೊಂದರಲ್ಲಿ ಹಿಲ್ ಕಪ್ಪೆಯ ಸ್ನಾಯುವಿಗೆ ವಿದ್ಯುತ್ತಿನ ಸಣ್ಣ ಪೆಟ್ಟು ಕೊಟ್ಟು ಅದು ಎಷ್ಟು ಬಿಸಿಯಾಗುತ್ತದೆ ಎಂದು ಅಳೆಯತೊಡಗಿದರು. ಒಂದು ಸಲ ಸೆಟೆದಾಗ ಏರುವ ಉಷ್ಣತೆ ಸುಮಾರು 0.003 ಡಿಗ್ರಿ ಸೆಲ್ಸಿಯಸ್. ಅದೂ ಒಂದು ಸೆಕೆಂಡಿನ ನೂರನೇ ಕೆಲವು ಭಾಗದಷ್ಟು ಸಮಯದಲ್ಲಿ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಯಾವ ಮೂಲೆಗೂ ಸಾಲದು. ಎರಡು ಬೇರೆ ಲೋಹಗಳ ಬೆಸುಗೆ ಬಿಸಿಯಾದಾಗ ಹುಟ್ಟುವ ಅತಿಸಣ್ಣ ವಿದ್ಯುತ್ತನ್ನು ಹಿಡಿಯುವ ಉಪಕರಣವನ್ನು ಅವರು ವರ್ಷಗಟ್ಟಲೆ ತಿದ್ದಿದರು. ಕೊನೆಗೆ ಗೊತ್ತಾದದ್ದು ಹೀಗೆ: ಸ್ನಾಯು ಸೆಟೆಯುವಾಗ ಒಮ್ಮೆ ಶಾಖ ಬಿಡುತ್ತದೆ. ಸೆಟೆತ ಮುಗಿದ ಮೇಲೂ, ನಿಮಿಷಗಳ ಕಾಲ, ನಿಧಾನವಾಗಿ ಇನ್ನಷ್ಟು ಶಾಖ ಬಿಡುತ್ತಲೇ ಇರುತ್ತದೆ. ಮೊದಲನೆಯದಕ್ಕೆ ಆಮ್ಲಜನಕ ಬೇಡ. ಎರಡನೆಯದಕ್ಕೆ ಬೇಕೇ ಬೇಕು. ಅಂದರೆ ಸ್ನಾಯು ಮೊದಲು ಖರ್ಚು ಮಾಡಿ, ಆಮೇಲೆ ಉಸಿರಿನ ದುಡ್ಡಿನಲ್ಲಿ ಲೆಕ್ಕ ಚುಕ್ತಾ ಮಾಡುತ್ತದೆ.

ಈ ನಡುವೆಯೇ 1910ರಲ್ಲಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೇಗೆ ಹಿಡಿಯುತ್ತದೆ ಎಂಬುದಕ್ಕೆ ಒಂದು ಸಮೀಕರಣ ಬರೆದರು. ಬಯೋಕೆಮಿಸ್ಟ್ರಿ, ಫಾರ್ಮಸಿ ಓದುವ ಗೆಳೆಯರು ಹಿಲ್ ಸಮೀಕರಣ ಎಂದು ಬಾಯಿಪಾಠ ಮಾಡುವುದು ಅದನ್ನೇ. ಬರೆದಾಗ ಅವರ ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. 1913ರಲ್ಲಿ ಮಾರ್ಗರೆಟ್ ಕೇನ್ಸ್ ಅವರನ್ನು ಮದುವೆಯಾದರು. ಅರ್ಥಶಾಸ್ತ್ರದ ಪಠ್ಯದಲ್ಲಿ ನಮ್ಮನ್ನು ಕಾಡುವ ಜಾನ್ ಮೇನಾರ್ಡ್ ಕೇನ್ಸ್ ಇದ್ದಾರಲ್ಲ, ಅವರ ತಂಗಿ.

ಮೊದಲ ಮಹಾಯುದ್ಧ ಬಂದಾಗ ಕಪ್ಪೆಗಳನ್ನು ಬಿಟ್ಟು ಸೇನೆಗೆ ಹೋಗಬೇಕಾಯಿತು. ಆಗಸದಲ್ಲಿ ಹಾರುವ ವಿಮಾನಕ್ಕೆ ನೆಲದಿಂದ ಗುಂಡು ಹೊಡೆದರೆ ಅದು ನಿಜವಾಗಿ ಎಲ್ಲಿ ಸಿಡಿಯುತ್ತದೆ ಎಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಣಿತ ಬಲ್ಲ ತರುಣರ ಒಂದು ತಂಡ ಕಟ್ಟಿಕೊಂಡು, ನೆಲದ ಮೇಲಿಟ್ಟ ಕನ್ನಡಿಗಳಲ್ಲಿ ಸಿಡಿತದ ಬಿಂಬ ನೋಡಿ ಸ್ಥಾನ ಗುರುತಿಸುವ ವಿಧಾನವನ್ನು ಹಿಲ್ ರೂಪಿಸಿದರು. ಆ ತಂಡಕ್ಕೆ ಹಿಲ್‌ನ ದರೋಡೆಕೋರರು ಎಂಬ ಅಡ್ಡಹೆಸರು ಬಿತ್ತು. ಈ ಅಧ್ಯಾಯ ಇಲ್ಲಿಗೆ ಸಾಕು. ನನಗೆ ಬೇಕಾದದ್ದು ಯುದ್ಧ ಮುಗಿದ ಮೇಲಿನ ಕಥೆ.

1920ರಲ್ಲಿ ಹಿಲ್ ಮ್ಯಾಂಚೆಸ್ಟರ್‌ನಲ್ಲಿ ಪ್ರೊಫೆಸರ್ ಆದರು. ಕಪ್ಪೆಯ ಸ್ನಾಯು ಹೇಳಿದ ಮಾತು ಮನುಷ್ಯನಿಗೂ ನಿಜವೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಮನುಷ್ಯನ ತೊಡೆಯನ್ನು ಕತ್ತರಿಸಿ ಮೇಜಿನ ಮೇಲೆ ಇಡಲಾಗುವುದಿಲ್ಲ. ಇರುವ ದಾರಿ ಒಂದೇ. ಅವನನ್ನು ಓಡಿಸಬೇಕು, ಅವನು ಬಿಟ್ಟ ಉಸಿರನ್ನು ಹಿಡಿಯಬೇಕು. ಓಡುವವರನ್ನು ಹುಡುಕಿಕೊಂಡು ಅವರು ದೂರ ಹೋಗಲಿಲ್ಲ. ಹಾರ್ಟ್ಲಿ ಲಪ್ಟನ್, ಸಿ.ಎನ್.ಎಚ್. ಲಾಂಗ್ ಎಂಬ ಸಹೋದ್ಯೋಗಿಗಳು ಮತ್ತು ಸ್ವತಃ ಹಿಲ್ ಪ್ರಯೋಗದ ಪ್ರಾಣಿಗಳಾದರು. ಆಗ ಹಿಲ್‌ಗೆ ಮೂವತ್ತೈದು ದಾಟಿತ್ತು.

ಪ್ರಯೋಗ ನಡೆದದ್ದು ಹೀಗೆ. ಸುಮಾರು 85 ಮೀಟರ್ ಸುತ್ತಳತೆಯ ಒಂದು ವೃತ್ತಾಕಾರದ ಹುಲ್ಲಿನ ಟ್ರ್ಯಾಕ್. ಓಟಗಾರನ ಬೆನ್ನಿಗೆ ಒಂದು ದೊಡ್ಡ ಗಾಳಿಚೀಲ. ಡಗ್ಲಸ್ ಎಂಬ ವಿಜ್ಞಾನಿ ರೂಪಿಸಿದ್ದರಿಂದ ಅದಕ್ಕೆ ಡಗ್ಲಸ್ ಚೀಲ ಎಂದೇ ಹೆಸರು. ಬಾಯಿಗೆ ಕೊಳವೆ, ಮೂಗಿಗೆ ಕ್ಲಿಪ್. ಕೊಳವೆಯಲ್ಲಿರುವ ಕವಾಟಗಳ ದೆಸೆಯಿಂದ ಒಳಗೆ ಎಳೆದುಕೊಳ್ಳುವ ಗಾಳಿ ಹೊರಗಿನಿಂದ ಬರುತ್ತದೆ, ಬಿಡುವ ಗಾಳಿ ಬೇರೆ ದಾರಿಯಲ್ಲಿ ಹೋಗುತ್ತದೆ. ಒಂದೇ ವೇಗದಲ್ಲಿ ಕೆಲವು ನಿಮಿಷ ಓಡಿ ದೇಹ ಆ ವೇಗಕ್ಕೆ ಹೊಂದಿಕೊಂಡ ಮೇಲೆ ನಲ್ಲಿ ತಿರುಗಿಸಬೇಕು. ಬಿಟ್ಟ ಉಸಿರು ಚೀಲ ಸೇರುತ್ತದೆ. ನಿಗದಿತ ಸಮಯ ಆದ ಕೂಡಲೇ ನಲ್ಲಿ ಬಂದ್. ಆಮೇಲೆ ಚೀಲದಲ್ಲಿ ಎಷ್ಟು ಗಾಳಿ ಇದೆ, ಅದರಲ್ಲಿ ಆಮ್ಲಜನಕದ ಪಾಲು ಎಷ್ಟು ಎಂದು ಅಳೆಯುತ್ತಾರೆ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಶೇ 21ರ ಹತ್ತಿರ. ಬಿಡುವ ಗಾಳಿಯಲ್ಲಿ ಅದಕ್ಕಿಂತ ಕಡಿಮೆ. ಎರಡರ ನಡುವಿನ ವ್ಯತ್ಯಾಸವೇ ದೇಹ ಬಳಸಿದ ಲೆಕ್ಕ. ಇಷ್ಟನ್ನೂ ನಿಧಾನದ ಓಟದಲ್ಲಿ ಒಮ್ಮೆ, ಸ್ವಲ್ಪ ಬಿರುಸಾಗಿ ಒಮ್ಮೆ, ಇನ್ನೂ ಬಿರುಸಾಗಿ ಒಮ್ಮೆ ಮಾಡಬೇಕು. ಮಳೆಗಾಲದ ಕೊಡೆಯಷ್ಟೂ ಭಾರ ಹೊರದೆ ಓಡುವ ನಮಗೇ ಉಸಿರು ಸಾಲುವುದಿಲ್ಲ. ಬಾಯಿಗೆ ಕೊಳವೆ ತುರುಕಿಕೊಂಡು ಇದನ್ನು ಮತ್ತೆ ಮತ್ತೆ ಮಾಡಿದವರ ಪಾಡು ನೆನೆದರೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ.

ಸುಮ್ಮನೆ ಕೂತಿರುವ ಮನುಷ್ಯ ನಿಮಿಷಕ್ಕೆ ಕಾಲು ಲೀಟರಿನಷ್ಟು ಆಮ್ಲಜನಕ ಬಳಸುತ್ತಾನೆ. ಓಟದ ವೇಗ ಹೆಚ್ಚಿದಂತೆಲ್ಲ ಹಿಲ್ ಅವರ ದೇಹ ಬಳಸುವ ಪ್ರಮಾಣವೂ ಏರುತ್ತಾ ಹೋಯಿತು. ನಿಮಿಷಕ್ಕೆ 250 ಮೀಟರ್ ವೇಗದ ಆಸುಪಾಸಿಗೆ ಬಂದಾಗ ಅದು ನಾಲ್ಕು ಲೀಟರಿನ ಹತ್ತಿರ ಇತ್ತು. ಅಲ್ಲಿಂದ ಮುಂದೆ ವೇಗ ಎಷ್ಟೇ ಏರಿಸಿದರೂ ಆ ನಾಲ್ಕು ಲೀಟರ್ ಮಾತ್ರ ಏರಲಿಲ್ಲ. ಗೆರೆ ಚಪ್ಪಟೆಯಾಯಿತು. ಹೃದಯ ಎಷ್ಟು ರಕ್ತ ತಳ್ಳಬಲ್ಲದೋ, ರಕ್ತ ಎಷ್ಟು ಆಮ್ಲಜನಕ ಹೊರಬಲ್ಲದೋ ಅಷ್ಟಕ್ಕೆ ಸೀಮಿತ. ಪ್ರತಿಯೊಬ್ಬನಿಗೂ ಇಂಥ ಒಂದು ಮಿತಿ ಇದೆ ಎಂದು ಹಿಲ್ ಮತ್ತು ಸಂಗಡಿಗರು ಬರೆದರು. ಇವತ್ತು ಕ್ರೀಡಾ ವಿಜ್ಞಾನದಲ್ಲಿ ವಿಒಟು ಮ್ಯಾಕ್ಸ್ ಎಂದು ಕರೆಯುವ ಅಳತೆಯ ಮೂಲ ಇದು.

ಇದನ್ನು ಓದಿದ ರಾತ್ರಿ ನಾನು ಒಂದು ಸಣ್ಣ ಲೆಕ್ಕ ಹಾಕಿದೆ. 1600 ಮೀಟರನ್ನು ಆರೂವರೆಯಿಂದ ಭಾಗಿಸಿದರೆ ನಿಮಿಷಕ್ಕೆ 246 ಮೀಟರ್. ಹಿಲ್ ಅವರ ಗೆರೆ ಚಪ್ಪಟೆಯಾಗತೊಡಗಿದ ಜಾಗಕ್ಕೆ ಹತ್ತಿರದ ವೇಗವನ್ನೇ ನಮ್ಮ ನೇಮಕಾತಿ ಮಂಡಳಿ ನಮ್ಮಿಂದ ಕೇಳುತ್ತಿದೆ. ಹಿಲ್ ಪಳಗಿದ ಓಟಗಾರ. ನಾನು ಮೂರು ವರ್ಷ ಕಾಲೇಜಿನ ಕ್ಯಾಂಟೀನಿನಲ್ಲಿ ಕೂತವನು. ನನ್ನ ಗೆರೆ ಚಪ್ಪಟೆಯಾಗುವುದು ಇದಕ್ಕಿಂತ ಎಷ್ಟೋ ಮುಂಚೆಯೇ ಇರಬೇಕು.

ಹಾಗಾದರೆ ಆ ಮಿತಿ ದಾಟಿದ ಮೇಲೂ ಜನ ಓಡುತ್ತಾರಲ್ಲ, ನೂರು ಮೀಟರಿನ ಓಟಗಾರ ಅದಕ್ಕಿಂತ ಎಷ್ಟೋ ಪಟ್ಟು ಬಿರುಸಾಗಿ ಓಡುತ್ತಾನಲ್ಲ, ಅದು ಹೇಗೆ? ಹಿಲ್ ಕೊಟ್ಟ ಉತ್ತರ ಸಾಲ. ಉಸಿರು ತಂದುಕೊಡುವುದಕ್ಕಿಂತ ಹೆಚ್ಚು ಖರ್ಚು ಮಾಡುವ ದೇಹ ಕೈಸಾಲ ಮಾಡುತ್ತದೆ. ಓಟ ನಿಂತ ಮೇಲೆ ಸೊಂಟಕ್ಕೆ ಕೈಯಿಟ್ಟು ಬಾಗಿ ನಿಂತು ಏದುಸಿರು ಬಿಡುವುದು ಆ ಸಾಲದ ಕಂತು ತೀರಿಸುವ ಕೆಲಸ. ಇದಕ್ಕೆ ಅವರು ಆಮ್ಲಜನಕದ ಸಾಲ ಎಂದೇ ಹೆಸರಿಟ್ಟರು. ಭಾವಮೈದುನ ಕೇನ್ಸ್ ಆದದ್ದಕ್ಕೆ ಈ ಹೆಸರು ಹೊಳೆಯಿತೋ ಏನೋ, ಅದು ನನ್ನ ಊಹೆ ಅಷ್ಟೇ. ಓಟ ಮುಗಿದ ಮೇಲಿನ ಉಸಿರನ್ನೂ ಚೀಲಕ್ಕೆ ತುಂಬಿ, ಮಾಮೂಲಿಗಿಂತ ಹೆಚ್ಚಾಗಿ ಬಳಕೆಯಾದದ್ದೆಷ್ಟು ಎಂದು ನೋಡಿದರೆ ಸಾಲದ ಮೊತ್ತ ಸಿಗುತ್ತದೆ. ಸಾಲ ಎಂದರೆ ದೇಹದಲ್ಲಿ ಏನು ಎಂಬುದಕ್ಕೆ ಹಿಲ್ ಬಳಿ ಸಿದ್ಧ ಉತ್ತರವಿತ್ತು. ಗುರು ಫ್ಲೆಚರ್ ಕಂಡಿದ್ದ ಅದೇ ಲ್ಯಾಕ್ಟಿಕ್ ಆಸಿಡ್. ಸ್ನಾಯು ಸೆಟೆಯುವುದೇ ಆ ಆಸಿಡ್‌ನಿಂದ, ದಣಿಯುವುದೂ ಅದರಿಂದಲೇ, ಸಾಲ ತೀರುವುದೆಂದರೆ ಆ ಆಸಿಡ್ ಕರಗುವುದು.

1922ರ ವೈದ್ಯಕೀಯ ನೊಬೆಲ್ ಸ್ನಾಯುವಿನ ಶಾಖದ ಸಂಶೋಧನೆಗಾಗಿ ಹಿಲ್‌ಗೆ ಸಂದಿತು. ಪ್ರಶಸ್ತಿಯನ್ನು ಹಂಚಿಕೊಂಡವರು ಜರ್ಮನಿಯ ಓಟ್ಟೊ ಮೇಯರ್‌ಹಾಫ್. ಸ್ನಾಯುವಿನ ಲ್ಯಾಕ್ಟಿಕ್ ಆಸಿಡ್ ಮತ್ತು ಆಮ್ಲಜನಕದ ಸಂಬಂಧವನ್ನು ಅವರು ರಸಾಯನಶಾಸ್ತ್ರದ ಕಡೆಯಿಂದ ಅಳೆದಿದ್ದರು. ಎರಡೂ ದೇಶಗಳ ಹುಡುಗರು ಕಂದಕಗಳಲ್ಲಿ ಕೂತು ಒಬ್ಬರನ್ನೊಬ್ಬರು ಕೊಂದ ಯುದ್ಧ ಮುಗಿದು ನಾಲ್ಕೈದು ವರ್ಷವಷ್ಟೇ ಆಗಿತ್ತು. ಆ ಇಬ್ಬರ ಗೆಳೆತನ ಕೊನೆಯವರೆಗೂ ಉಳಿಯಿತು.

1923ರಲ್ಲಿ ಹಿಲ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಓಟದ ಹುಚ್ಚು ಹೆಚ್ಚುತ್ತಲೇ ಹೋಯಿತು. 1925ರಲ್ಲಿ ಸೌತಾಂಪ್ಟನ್‌ನಲ್ಲಿ ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಭಾಷಣ ಮಾಡಬೇಕಾಗಿ ಬಂದಾಗ, ಓಟ, ಈಜು ಮುಂತಾದವುಗಳ ವಿಶ್ವದಾಖಲೆಗಳನ್ನೆಲ್ಲ ಒಟ್ಟು ಹಾಕಿ ಸಮಯ ಮತ್ತು ವೇಗದ ನಕ್ಷೆ ಬರೆದು ತೋರಿಸಿದರು. ದೂರ ಹೆಚ್ಚಿದಂತೆ ವೇಗ ಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗಿ ಇಳಿಯುವ ನುಣುಪಾದ ಗೆರೆ. ಕ್ರೀಡಾಪುಟದಲ್ಲಿ ನಾವು ದಿನಾ ಓದಿ ಮರೆಯುವ ಅಂಕಿಗಳಲ್ಲಿ ಮನುಷ್ಯದೇಹದ ನಿಯಮ ಅಡಗಿದೆ ಎಂದು ಅವರಿಗೆ ಕಂಡಿತು. ಮರುವರ್ಷ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನರ ಮತ್ತು ಸ್ನಾಯುಗಳ ಬಗ್ಗೆ ಉಪನ್ಯಾಸ ಮಾಲೆಯನ್ನೇ ನಡೆಸಿದರು.

1927ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದಾಗ ಮಾಡಿದ ಪ್ರಯೋಗ ಇನ್ನೂ ಮಜವಾದದ್ದು. ನೂರು ಮೀಟರಿನಂಥ ಓಟದಲ್ಲಿ ಓಟಗಾರನ ವೇಗ ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತದೆ ಎಂದು ತಿಳಿಯಬೇಕಿತ್ತು. ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್ ಅಷ್ಟು ಚುರುಕಲ್ಲ. ಹಿಲ್ ಓಟಗಾರರ ಮೈಗೆ ಅಯಸ್ಕಾಂತವಾಗಿ ಮಾಡಿದ ಉಕ್ಕಿನ ತೆಳು ಪಟ್ಟಿ ಕಟ್ಟಿಸಿದರು. ಟ್ರ್ಯಾಕ್ ಪಕ್ಕದಲ್ಲಿ ಅಲ್ಲಲ್ಲಿ ತಂತಿಯ ಸುರುಳಿ ನಿಲ್ಲಿಸಿದರು. ಓಟಗಾರ ಪ್ರತಿ ಸುರುಳಿಯ ಮುಂದೆ ಹಾದಾಗಲೂ ಅದರಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟಿ ದಾಖಲಾಗುತ್ತಿತ್ತು. ನಮ್ಮಲ್ಲಿ ನೇಮಕಾತಿ ಓಟಕ್ಕೆ ಕಾಲಿಗೆ ಚಿಪ್ ಕಟ್ಟಿಸುತ್ತಾರಲ್ಲ, ಅದರ ಅಜ್ಜ ಎನ್ನಬಹುದು. ಓಡುವವನನ್ನು ಗಾಳಿ ಎಷ್ಟು ತಡೆಯುತ್ತದೆ ಎಂದು ನೋಡಲು ಓಟಗಾರನ ಪುಟ್ಟ ಬೊಂಬೆಯನ್ನು ಗಾಳಿ ಸುರಂಗದಲ್ಲಿ ನಿಲ್ಲಿಸಿಯೂ ಅಳೆದರು.

ಅಮೆರಿಕದಲ್ಲೊಮ್ಮೆ ಭಾಷಣ ಮುಗಿದ ಮೇಲೆ ಸಭಿಕರೊಬ್ಬರು, ಇದರಿಂದ ಏನು ಉಪಯೋಗ ಎಂದು ಸ್ವಲ್ಪ ಕೋಪದಲ್ಲೇ ಕೇಳಿದರಂತೆ. ಹಿಲ್ ಮೊದಲು ಉಪಯೋಗಗಳನ್ನು ಹೇಳಲು ನೋಡಿದರು. ಅವರಿಗೇ ಸಮಾಧಾನವಾಗಲಿಲ್ಲ. ಕೊನೆಗೆ ನಿಜ ಹೇಳಿಬಿಟ್ಟರು: ಉಪಯೋಗಕ್ಕೆಂದು ಮಾಡುತ್ತಿಲ್ಲ, ಖುಷಿಯಾಗುತ್ತದೆ ಎಂದು ಮಾಡುತ್ತಿದ್ದೇವೆ. ಯಾವ ಕೋರ್ಸ್ ತೆಗೆದುಕೊಂಡರೂ ಸ್ಕೋಪ್ ಇದೆಯಾ ಎಂದು ಕೇಳಿಸಿಕೊಂಡು ಬೆಳೆದ ನನಗೆ ಈ ಪ್ರಸಂಗ ಓದಿ ಹೊಟ್ಟೆಯುರಿಯಿತು.

ಇಲ್ಲಿಯವರೆಗೆ ಗೆಲುವಿನ ಕಥೆ. ಸೋಲು ಬಂದದ್ದೂ ಆಗಲೇ.

1927ರಲ್ಲಿ ಹಿಲ್ ಇದ್ದ ಕಾಲೇಜಿನಲ್ಲೇ ಎಗಲ್‌ಟನ್ ದಂಪತಿ ಸ್ನಾಯುವಿನಲ್ಲಿ ರಂಜಕ ಬೆರೆತ ಒಂದು ಹೊಸ ವಸ್ತುವನ್ನು ಕಂಡರು. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ನಮ್ಮ ಪಕ್ಕದ ಆಂಧ್ರದ ಭೀಮವರಂನವರಾದ ಯಲ್ಲಾಪ್ರಗಡ ಸುಬ್ಬರಾವ್ ಅದು ಫಾಸ್ಫೋಕ್ರಿಯೇಟಿನ್ ಎಂದು ತೋರಿಸಿದರು. ಜಿಮ್‌ಗೆ ಹೋಗುವ ಗೆಳೆಯರು ಡಬ್ಬದಲ್ಲಿ ಕೊಳ್ಳುವ ಕ್ರಿಯೇಟಿನ್ ಇದೇ ಸಂಬಂಧಿಕ. ಆಮೇಲೆ 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್ ನಿಜವಾದ ಪೆಟ್ಟು ಕೊಟ್ಟರು. ಒಂದು ಬಗೆಯ ವಿಷ ಹಾಕಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಸಿಡ್ ಹುಟ್ಟುವುದೇ ಇಲ್ಲ. ಆದರೂ ಆ ಸ್ನಾಯು ಸೆಟೆಯಿತು. ಫಾಸ್ಫೋಕ್ರಿಯೇಟಿನ್ ಖರ್ಚಾಗುವವರೆಗೆ ಸೆಟೆಯುತ್ತಲೇ ಹೋಯಿತು. ಲ್ಯಾಕ್ಟಿಕ್ ಆಸಿಡ್ ಇಲ್ಲದೆ ಸ್ನಾಯು ಕೆಲಸ ಮಾಡುತ್ತದೆ ಎಂದರೆ ಸ್ನಾಯುವಿನ ಕೆಲಸಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣವಲ್ಲ. ಹಿಲ್ ಮತ್ತು ಮೇಯರ್‌ಹಾಫ್ ಹತ್ತು ವರ್ಷ ಕಟ್ಟಿದ್ದ ಮನೆಯ ಕಂಬವೇ ಹೋಯಿತು.

ಆಗ ಹಿಲ್‌ಗೆ ನಲವತ್ತೈದರ ಆಸುಪಾಸು. ನೊಬೆಲ್ ಇತ್ತು, ಲಂಡನ್ನಿನಲ್ಲಿ ಪೀಠವಿತ್ತು, ಮಾತು ನಡೆಯುತ್ತಿತ್ತು. ಬೇಕಾಗಿದ್ದರೆ ವಾದ ಹೂಡಿ ಇನ್ನೊಂದು ಹತ್ತು ವರ್ಷ ಎಳೆಯಬಹುದಿತ್ತು. ಅವರು ಮಾಡಿದ್ದು ಬೇರೆ. 1932ರಲ್ಲಿ ಸ್ನಾಯುಶಾಸ್ತ್ರದಲ್ಲಿ ಕ್ರಾಂತಿ ಎಂಬ ಅರ್ಥದ ತಲೆಬರಹ ಕೊಟ್ಟು ದೀರ್ಘ ಲೇಖನ ಬರೆದರು. ಅದರಲ್ಲಿ ಹೊಸ ಸಂಶೋಧನೆಗಳನ್ನು ಒಪ್ಪಿಕೊಂಡು, ಲ್ಯಾಕ್ಟಿಕ್ ಆಸಿಡ್ ಕಥೆ ಮುಗಿಯಿತು ಎಂದು ತಾವೇ ಜಗತ್ತಿಗೆ ಸಾರಿದರು. ಶಾಖದ ಅಳತೆಗಳು ಹಾಗೇ ಉಳಿದವು. ಆಮ್ಲಜನಕದ ಮಿತಿಯ ಅಳತೆಯೂ ಉಳಿಯಿತು. ಬಿದ್ದುಹೋದದ್ದು ಆ ಅಂಕಿಗಳಿಗೆ ಹಚ್ಚಿದ್ದ ವಿವರಣೆ. ವಿಚಿತ್ರವೆಂದರೆ ಹಿಲ್ ಕೈಬಿಟ್ಟ ಆ ವಿವರಣೆಯೇ ತೊಂಬತ್ತು ವರ್ಷ ದಾಟಿದರೂ ನಮ್ಮ ತಾಲ್ಲೂಕು ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ ಓಡಾಡಿಕೊಂಡಿದೆ. ಮಾರನೇ ದಿನದ ಕಾಲುನೋವಿಗೂ ಲ್ಯಾಕ್ಟಿಕ್ ಆಸಿಡ್‌ಗೂ ಸಂಬಂಧವಿಲ್ಲ. ಓಟ ಮುಗಿದ ಒಂದೆರಡು ಗಂಟೆಯೊಳಗೆ ಅದರ ಮಟ್ಟ ಮಾಮೂಲಿಗೆ ಬರುತ್ತದೆ. ನೋವು ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟಿನದು. ಅಷ್ಟೇ ಅಲ್ಲ, ಅದು ದೇಹಕ್ಕೆ ಕಸವೂ ಅಲ್ಲ. ಹೃದಯ ಮತ್ತು ಇತರ ಸ್ನಾಯುಗಳು ಅದನ್ನೇ ಇಂಧನವಾಗಿ ಸುಡುತ್ತವೆ.

ಹಾಗೆಂದು ಕ್ರೀಡಾ ಪ್ರಯೋಗಾಲಯಗಳು ಅದನ್ನು ಅಳೆಯುವುದನ್ನು ಬಿಟ್ಟಿಲ್ಲ. ಇವತ್ತು ದೊಡ್ಡ ಮಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಕೆಲವು ನಿಮಿಷಕ್ಕೊಮ್ಮೆ ವೇಗ ಏರಿಸುತ್ತಾ ಹೋಗುತ್ತಾರೆ. ಡಗ್ಲಸ್ ಚೀಲದ ಜಾಗದಲ್ಲಿ ಕಂಪ್ಯೂಟರ್ ಬಂದಿದೆ. ಪ್ರತಿ ಹಂತದಲ್ಲೂ ಬೆರಳ ತುದಿಯಿಂದಲೋ ಕಿವಿಯ ಹಾಲೆಯಿಂದಲೋ ಒಂದು ತೊಟ್ಟು ರಕ್ತ ತೆಗೆದು ಲ್ಯಾಕ್ಟೇಟ್ ನೋಡುತ್ತಾರೆ. ಒಂದು ವೇಗದವರೆಗೆ ಅದು ಹೆಚ್ಚುಕಡಿಮೆ ಮಟ್ಟವಾಗಿ ಇದ್ದು, ಅಲ್ಲಿಂದ ದಿಢೀರನೆ ಏರತೊಡಗುತ್ತದೆ. ಆ ಏರುವ ಜಾಗದಲ್ಲಿ ನಾಡಿ ಎಷ್ಟು ಬಡಿಯುತ್ತಿತ್ತು ಎಂದು ಬರೆದಿಟ್ಟುಕೊಂಡರೆ, ಆ ಓಟಗಾರನಿಗೆ ಯಾವುದು ಹಗುರದ ಓಟ, ಯಾವುದು ಕಠಿಣದ ಓಟ ಎಂದು ಕೋಚ್‌ಗೆ ಗೊತ್ತಾಗುತ್ತದೆ. ಲ್ಯಾಕ್ಟೇಟ್ ಈಗ ಅಪರಾಧಿಯಲ್ಲ, ಸಾಕ್ಷಿ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಯಹೂದಿ ಪ್ರೊಫೆಸರುಗಳನ್ನು ಕೆಲಸದಿಂದ ಕಿತ್ತುಹಾಕತೊಡಗಿದಾಗ, ಅವರಿಗೆ ಬ್ರಿಟನ್ನಿನಲ್ಲಿ ನೆಲೆ ಕೊಡಿಸಲು ಒಂದು ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಹಿಲ್ ಒಬ್ಬರು. ಹಾಗೆ 1935ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಿಂದ ಬರ್ನಾರ್ಡ್ ಕಾಟ್ಜ್ ಎಂಬ ತರುಣ ಅವರ ಪ್ರಯೋಗಾಲಯದ ಬಾಗಿಲಿಗೆ ಬಂದ. ಹಿಲ್ ಮನೆಯಲ್ಲೇ ಅವನಿಗೆ ಜಾಗ ಕೊಟ್ಟರು. 1970ರಲ್ಲಿ ಅದೇ ಕಾಟ್ಜ್‌ಗೆ ನೊಬೆಲ್ ಬಂತು. ಹಿಲ್ ಮಾತ್ರ ತಮ್ಮ ಕೆಲಸ ಬಿಟ್ಟಿರಲಿಲ್ಲ. ಸ್ನಾಯು ಎಷ್ಟು ಭಾರ ಎಳೆಯುತ್ತದೋ ಅಷ್ಟು ನಿಧಾನವಾಗುತ್ತದೆ ಎಂಬ ಸಂಬಂಧಕ್ಕೆ 1938ರಲ್ಲಿ ಅವರು ಬರೆದ ಸಮೀಕರಣ ಇಂದಿಗೂ ಚಾಲ್ತಿಯಲ್ಲಿದೆ. ಲ್ಯಾಕ್ಟಿಕ್ ಆಸಿಡ್ ಸಿದ್ಧಾಂತ ಬಿದ್ದ ಆರೇ ವರ್ಷಕ್ಕೆ.

ನಮ್ಮ ದೇಶಕ್ಕೂ ಅವರಿಗೂ ಒಂದು ನಂಟಿದೆ. ಎರಡನೇ ಮಹಾಯುದ್ಧದ ನಡುವೆ, ಬಂಗಾಳದಲ್ಲಿ ಕ್ಷಾಮ ಜನರನ್ನು ನುಂಗುತ್ತಿದ್ದ 1943ರ ಕೊನೆಯಲ್ಲಿ, ಭಾರತದ ವಿಜ್ಞಾನ ಸಂಸ್ಥೆಗಳನ್ನು ನೋಡಿ ಸಲಹೆ ಕೊಡಲು ಅವರು ಇಲ್ಲಿಗೆ ಬಂದರು. ಕೆಲವು ತಿಂಗಳು ಸುತ್ತಾಡಿ ಬರೆದ ವರದಿಯಲ್ಲಿ, ದೇಶದ ವೈದ್ಯ ಶಿಕ್ಷಕರನ್ನು ತಯಾರು ಮಾಡಲು ಒಂದು ಅಖಿಲ ಭಾರತ ವೈದ್ಯಕೀಯ ಕೇಂದ್ರ ಬೇಕು ಎಂದರು. ಭೋರ್ ಸಮಿತಿಯೂ ಅದನ್ನೇ ಶಿಫಾರಸು ಮಾಡಿತು. 1956ರಲ್ಲಿ ದೆಹಲಿಯ ಏಮ್ಸ್ ಹುಟ್ಟಿತು. ನೀಟ್ ಬರೆಯುವ ತಮ್ಮ ತಂಗಿಯರಿಗೆ ಇದು ಗೊತ್ತಿರಲಿ. ಇನ್ನೊಂದು ನಂಟು ಇನ್ನೂ ಹತ್ತಿರದ್ದು. ಅವರ ಹಿರಿಯ ಮಗಳು ಪಾಲಿ ಹಿಲ್ ಅರ್ಥಶಾಸ್ತ್ರ, ಮಾನವಶಾಸ್ತ್ರ ಎರಡನ್ನೂ ಬಲ್ಲವರು. ಆಫ್ರಿಕಾದ ಹಳ್ಳಿಗಳಲ್ಲಿ ದಶಕಗಟ್ಟಲೆ ಕೆಲಸ ಮಾಡಿದವರು. 1970ರ ದಶಕದ ಕೊನೆಯಲ್ಲಿ ನಮ್ಮ ಆನೇಕಲ್ ತಾಲ್ಲೂಕಿನ ಹಳ್ಳಿಗಳಿಗೆ ಬಂದು ಒಣಬೇಸಾಯದ ರೈತ ಕುಟುಂಬಗಳ ಬದುಕನ್ನು ಅಧ್ಯಯನ ಮಾಡಿ, ನೈಜೀರಿಯಾದ ರೈತರೊಂದಿಗೆ ಹೋಲಿಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅಪ್ಪ ಉಸಿರಿನ ಸಾಲ ಲೆಕ್ಕ ಹಾಕಿದರೆ ಮಗಳು ರೈತರ ಸಾಲಸೋಲ ಲೆಕ್ಕ ಹಾಕಿದಳು.

ಎ.ವಿ. ಹಿಲ್ ನಿವೃತ್ತಿಯ ನಂತರವೂ ವರ್ಷಗಟ್ಟಲೆ ಪ್ರಯೋಗಾಲಯಕ್ಕೆ ಹೋಗಿ ಅದೇ ಕಪ್ಪೆಯ ಸ್ನಾಯುಗಳ ಮುಂದೆ ಕೂರುತ್ತಿದ್ದರು. 1977ರ ಜೂನ್ 3ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ.

ನನ್ನ ಕಥೆ ಎಲ್ಲಿಗೆ ಬಂತು ಅಂತೀರಾ? ನಮ್ಮ ಊರಿನಲ್ಲಿ ಮಾಸ್ಕ್, ಟ್ರೆಡ್‌ಮಿಲ್ ಯಾವುದೂ ಇಲ್ಲ. ಇರುವುದು ಮೊಬೈಲಿನ ಸ್ಟಾಪ್‌ವಾಚ್ ಮತ್ತು ಕತ್ತಿನ ನಾಡಿ. ಮೊದಲ ಬಾರಿಗೆ ಸುತ್ತುಗಳನ್ನು ಬೇರೆ ಬೇರೆಯಾಗಿ ಅಳೆದೆ. ಮೊದಲ ಸುತ್ತು 81 ಸೆಕೆಂಡ್, ಕೊನೆಯದು 118. ಮೊದಲ ಸುತ್ತಿನಲ್ಲೇ ತೀರಿಸಲಾಗದ ಸಾಲ ಮಾಡಿ, ಉಳಿದ ಮೂರು ಸುತ್ತು ಬಡ್ಡಿ ಕಟ್ಟುತ್ತಿದ್ದೆ. ಆರೂವರೆ ನಿಮಿಷವನ್ನು ನಾಲ್ಕರಿಂದ ಭಾಗಿಸಿದರೆ ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ಈಗ ಮೊದಲ ಸುತ್ತನ್ನು 95ಕ್ಕಿಂತ ಬೇಗ ಮುಗಿಸಬಾರದು ಎಂದು ಹಠ ಹಿಡಿದಿದ್ದೇನೆ. ಎಲ್ಲರೂ ಮುಂದೆ ಹೋಗುವಾಗ ಹಿಂದೆ ಉಳಿಯುವುದು ಬಹಳ ಕಷ್ಟ, ಸೀನಿಯರ್ ನಗುತ್ತಾರೆ ಬೇರೆ. ವಾರದಲ್ಲಿ ನಾಲ್ಕು ದಿನ, ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ. ಎರಡು ದಿನ ಮಾತ್ರ ಬಿರುಸು. ಕಳೆದ ಭಾನುವಾರ ನಾಲ್ಕು ಸುತ್ತು ಮುಗಿದಾಗ ಮೊಬೈಲ್ ತೋರಿಸಿದ್ದು ಆರು ನಿಮಿಷ ಮೂವತ್ತಮೂರು ಸೆಕೆಂಡ್. ಇನ್ನು ಮೂರು ಸೆಕೆಂಡ್ ಬಾಕಿ ಇದೆ.